ದೇವರಮ್ಮ ಜೀಪು ಹತ್ತಿದ ಯುಗಾದಿ

ನಮ್ಮ ಮನೆತನದ ದೇವಿಗೆ ಗುಡಿ ಇರಲಿಲ್ಲ. ಮೊಳದುದ್ದದ ಪಂಚಲೋಹದ ವಿಗ್ರಹ. ಸೊಂಟ ತುಸು ವಾಲಿಸಿ, ಹೂ ಹಿಡಿದಂತೆ ಬಲಗೈಯ ಬೆರಳು ಮಡಿಸಿ ನಿಂತಿದ್ದಳು. ನಾವೆಲ್ಲ ದೇವರಮ್ಮ ಅನ್ನುತ್ತಿದ್ದೆವು. ಮೆಟ್ಟೂರು ಅಣೆಕಟ್ಟಿನ ನೀರಲ್ಲಿ ಹಳೆಯ ಊರು ಮುಳುಗಿದಾಗ ಮುತ್ತಜ್ಜ ಅವಳನ್ನು ಕಂಬಳಿಯಲ್ಲಿ ಸುತ್ತಿ, ಕುರಿಗಳ ಜೊತೆ ನಡೆದು ಪಾಲಕೋಡ್ ಕಡೆಗೆ ತಂದನಂತೆ. ಅಲ್ಲಿಂದಾಚೆಗೆ ಒಂದು ವರ್ಷ ಹಿರಿಯವನ ಮನೆ, ಒಂದು ವರ್ಷ ಕಿರಿಯವನ ಮನೆ. ಯುಗಾದಿಯ ಬೆಳಿಗ್ಗೆ ಕೈ ಬದಲಾಗಬೇಕು. ಅಪ್ಪನ ಕಾಲಕ್ಕೆ ಆ ಎರಡು ಮನೆ ಅಂದರೆ ನಮ್ಮದು ಮತ್ತು ಚಿಕ್ಕಪ್ಪನದು. ನಡುವೆ ಒಂದು ಟೊಮೇಟೊ ಹೊಲ, ಅಷ್ಟೆ. ಅವಳು ಯಾರ ಮನೆಯಲ್ಲಿದ್ದರೂ ಶುಕ್ರವಾರ ಅಮ್ಮ, ಚಿಕ್ಕಮ್ಮ ಇಬ್ಬರೂ ಸೇರಿ ಹುಣಸೆಹಣ್ಣು ಹಚ್ಚಿ ತೊಳೆದು, ಬಾಗಿಲು ಹಾಕಿಕೊಂಡು ಸೀರೆ ಉಡಿಸುತ್ತಿದ್ದರು.

ಆ ವರ್ಷ ಸರದಿ ನಮ್ಮದು. ಅಪ್ಪ ಅದಕ್ಕೆಂದೇ ಮಾರ್ಬಲ್ ಹಾಕಿಸಿ ಹೊಸ ದೇವರ ಕೋಣೆ ಕಟ್ಟಿಸಿ ನೆಂಟರನ್ನೆಲ್ಲ ಕರೆದಿದ್ದರು. ಸೇಲಂನ ಗಂಡನ ಮನೆಯಿಂದ ನಾನೂ ಬಂದಿದ್ದೆ. ಹಬ್ಬದ ಹಿಂದಿನ ದಿನ ಚಿಕ್ಕಮ್ಮ ಬಂದು ಬಾಗಿಲ ಹತ್ತಿರವೇ ನಿಂತರು.

"ಬಾವ, ಸೊಸೆಗೆ ಈಗ ಏಳನೇ ತಿಂಗಳು. ಎಷ್ಟು ಆಸ್ಪತ್ರೆ ತಿರುಗಿದ್ವಿ ಅಂತ ನಿಮಗೇ ಗೊತ್ತು. ದೇವ್ರಮ್ಮ ನಮ್ಮನೇಲಿದ್ದಾಗ್ಲೇ ನಿಂತಿದ್ದು ಇದು. ಎರಿಗೆ ಆಗೋಗಂಟ ಅಲ್ಲೇ ಇರ್ಲಿ. ಆಮೇಲೆ ಎರಡು ವರ್ಷ ಬೇಕಾದ್ರೂ ನೀವೇ ಇಕ್ಕೊಳ್ಳಿ."

"ಅದುಕ್ಕೇನು, ಇರ್ಲಿ ಬುಡಿ," ಅಂದಳು ಅಮ್ಮ ಒಳಗಿಂದ.

"ನೀನು ಸುಮ್ಕಿರು," ಅಂದರು ಅಪ್ಪ. "ನೆಂಟ್ರಿಗೆಲ್ಲ ಏಳಿ ಆಗೈತೆ. ಪದ್ಧತಿ ಅಂದ್ಮೇಲೆ ಪದ್ಧತಿ."

ಮರುದಿನ ನೆಂಟರನ್ನು ಹಿಂದಿಟ್ಟುಕೊಂಡು ಹೋದಾಗ ಚಿಕ್ಕಪ್ಪನ ಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದಲೇ ಚಿಕ್ಕಪ್ಪ, "ಅಣ್ಣ, ಮೂರು ತಿಂಗ್ಳು ತಡ್ಕೋ. ನಾನೇ ತಲೆ ಮ್ಯಾಲೆ ಒತ್ಕೊಂಡು ಬತ್ತೀನಿ," ಅಂದರು. ಹಿಂದೆ ಯಾರೋ ನಕ್ಕರು. ಆ ನಗುವನ್ನು ಅಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಒಬ್ಬಟ್ಟಿನ ಎಲೆ ಹಾಕುವ ಹೊತ್ತಿಗೆ ಅವರು ಗಾಡಿ ಹತ್ತಿ ಪೊಲೀಸ್ ಸ್ಟೇಷನ್ನಿಗೆ ಹೋಗಿ 'ಸಿಲೈ ತಿರುಟ್ಟು' ಎಂದು ದೂರು ಕೊಟ್ಟಾಗಿತ್ತು. ವಿಗ್ರಹ ಕಳ್ಳತನ. ಅದಕ್ಕೆಂದೇ ಬೇರೆ ಪೊಲೀಸ್ ಪಡೆ ಇರುವ ಈ ತಮಿಳುನಾಡಿನಲ್ಲಿ ಅದು ಅಣ್ಣತಮ್ಮಂದಿರ ಜಗಳದಲ್ಲಿ ಆಡುವ ಮಾತಲ್ಲ.

ಮಧ್ಯಾಹ್ನ ಜೀಪು ಬಂತು. ಇನ್ಸ್‌ಪೆಕ್ಟರ್ ಚಿಕ್ಕಪ್ಪನನ್ನು ಕೇಳಿದರು, "ಪೇಪರ್ ಇರುಕ್ಕಾ?" ಇಲ್ಲ. ಅಪ್ಪನ ಮುಖದಲ್ಲಿ ಗೆಲುವು ಮೂಡುತ್ತಿದ್ದ ಹಾಗೆಯೇ ಅವರ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಮುತ್ತಜ್ಜ ಕಂಬಳಿಯಲ್ಲಿ ತಂದದ್ದಕ್ಕೆ ಪೇಪರ್ ಎಲ್ಲಿಂದ ಬರಬೇಕು?

ದೇವರಮ್ಮನನ್ನು ಟವೆಲ್ಲಿನಲ್ಲಿ ಸುತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ಕಾನ್‌ಸ್ಟೆಬಲ್‌ಗಳ ನಡುವೆ ಇಟ್ಟರು. ತಾನು ಏನು ಮಾಡಿದ್ದೇನೆಂದು ಅಪ್ಪನಿಗೆ ಆಗ ಹೊಳೆಯಿತು. ಜೀಪಿನ ಬಾಗಿಲು ಹಿಡಿದುಕೊಂಡು, ಕೇಸೇ ಬೇಡ, ನಾವು ಅಣ್ಣತಮ್ಮ ಮಾತಾಡಿಕೊಳ್ಳುತ್ತೇವೆ ಎಂದು ತಮಿಳಿನಲ್ಲಿ ಅಂಗಲಾಚಿದರು. "ಕೇಸ್ ವೇಂಡಾಂ ಸಾರ್, ಅಣ್ಣನ್ ತಂಬಿ ಪೇಸಿಕ್ಕಿರೋಂ." ಜೀಪು ಹೊರಟಿತು. ಸೊಸೆ ಹೊಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತಿದ್ದಳು.

ವಿಗ್ರಹವನ್ನು ಪರೀಕ್ಷಿಸಿದ ಪುರಾತತ್ವ ಇಲಾಖೆಯ ಅಧಿಕಾರಿಗಳು, ಇದು ಅರಸರ ಕಾಲದ್ದು, ಮನೆಯಲ್ಲಿ ಇಡುವಂಥದ್ದಲ್ಲ ಅಂದರು. ಅವಳು ಸರ್ಕಾರದ ಭದ್ರತೆಗೆ ಹೋದಳು. ಕೇಸು ನಡೆಯಿತು. ಚಿಕ್ಕಪ್ಪನ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು, ಆರೋಗ್ಯವಾಗಿ. ಅಪ್ಪ ನೋಡಲು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಒಂದು ವರ್ಷ ಕಳೆದ ಮೇಲೆ ವಿಗ್ರಹ ನೋಡಲು ಎರಡೂ ಮನೆಯವರಿಗೆ ಒಟ್ಟಿಗೆ ಅನುಮತಿ ಸಿಕ್ಕಿತು. ಗಂಡಸರು ಒಬ್ಬರ ಜೊತೆ ಒಬ್ಬರು ಹೋಗಲು ಒಪ್ಪಲಿಲ್ಲ. ಅಮ್ಮ ಮತ್ತು ಚಿಕ್ಕಮ್ಮನನ್ನು ನಾನೇ ಕರೆದುಕೊಂಡು ಹೋದೆ. ಸರ್ಕಾರದ ಭದ್ರತಾ ಕೋಣೆಯಲ್ಲಿ ಕಬ್ಬಿಣದ ಹಲಗೆಗಳ ಮೇಲೆ ಎಷ್ಟೋ ಊರುಗಳ ದೇವರು ಸಾಲಾಗಿ ನಿಂತಿದ್ದರು. ನಮ್ಮವಳು ಎರಡನೇ ಹಲಗೆಯಲ್ಲಿದ್ದಳು. ಕೈಗೆ ನಂಬರಿನ ಚೀಟಿ ಕಟ್ಟಿದ್ದರು. ಹಣೆಯಲ್ಲಿ ಕುಂಕುಮವಿಲ್ಲ, ಮೈಮೇಲೆ ಸೀರೆಯಿಲ್ಲ. ಮನೆಯ ಮಕ್ಕಳಾದ ನಮಗೂ ಅವಳನ್ನು ಹಾಗೆ ನೋಡಲು ಅಮ್ಮ, ಚಿಕ್ಕಮ್ಮ ಎಂದೂ ಬಿಟ್ಟವರಲ್ಲ. ಚಿಕ್ಕಮ್ಮ ಮುಖ ತಿರುಗಿಸಿಕೊಂಡರು. ಅಮ್ಮ ಎಡಪ್ಪಾಡಿಯಲ್ಲಿ ನೇಯಿಸಿ ತಂದಿದ್ದ ಪುಟ್ಟ ಸೀರೆಯನ್ನು ಚೀಲದಿಂದ ತೆಗೆದಳು.

"ತೊಡಕ್ಕೂಡಾದು ಮ್ಮಾ," ಎಂದು ಕಾವಲಿನವನು ಕೈ ಅಡ್ಡ ಹಿಡಿದ.

ಮುಟ್ಟದೆ ಉಡಿಸುವುದು ಹೇಗೆ? ಜೊತೆಗಿದ್ದ ಅಧಿಕಾರಿ ಸವೆದ ಮೂಗನ್ನು ತೋರಿಸಿ, ಇದನ್ನು ಹುಣಸೆಹಣ್ಣಿನಲ್ಲಿ ಉಜ್ಜಿದವರು ಯಾರು, ಎಂಥ ಶಿಲ್ಪವನ್ನು ಹಾಳು ಮಾಡಿದ್ದೀರಿ ಎಂದು ಗದರಿದರು. ಅಮ್ಮ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು.

ಹೊರಗೆ ಬಂದ ಮೇಲೆ ಅಮ್ಮ, "ಎಂಗೆ ನಿಲ್ಸವ್ರೆ ನೋಡು ಅವಳ್ನ," ಎಂದು ಕಣ್ಣೊರೆಸಿಕೊಂಡಳು.

"ನಿಲ್ಸಿದ್ದು ಅವ್ರಲ್ಲ ಅಕ್ಕ. ನಿಮ್ಮ ಯಜಮಾನ್ರು," ಅಂದರು ಚಿಕ್ಕಮ್ಮ.

ಒಂದೇ ಊರಿಗೆ ಹೋಗಬೇಕಾದ ಅವರಿಬ್ಬರು ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಬೇರೆ ಬಸ್ಸು ಹತ್ತಿದರು.

ಎರಡೂ ಮನೆಯವರು ಒಟ್ಟಿಗೆ ಕೇಳಿಕೊಂಡು, ಭದ್ರವಾದ ಒಂದು ಕೋಣೆ ತೋರಿಸಿದರೆ ಹಬ್ಬಕ್ಕಾದರೂ ಅವಳನ್ನು ಕಳಿಸಬಹುದು ಎಂದು ವಕೀಲರು ಹೇಳಿ ಎಷ್ಟೋ ಕಾಲವಾಯಿತು. ಕೋಣೆ ಇದೆ, ಮಾರ್ಬಲ್ಲಿನದೇ. "ಚಿಕ್ಕೋನು ಅವ್ನು, ಅವ್ನೇ ಬಂದು ಕೇಳ್ಲಿ," ಅನ್ನುತ್ತಾರೆ ಅಪ್ಪ. "ನನ್ನ ಕಳ್ಳ ಅಂದೋನು ಮೊದ್ಲು ಬರ್ಲಿ," ಅನ್ನುತ್ತಾರೆ ಚಿಕ್ಕಪ್ಪ.

ಒಂದು ಸಲ ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಿಂಗೆ ದೇವ್ರಮ್ಮ ಬೇಕಾ, ಗೆಲ್ಲೋದು ಬೇಕಾ?"

ಮಗಳಿಗೆ ಅವರು ಉತ್ತರ ಕೊಟ್ಟಿದ್ದು ತಮಿಳಿನಲ್ಲಿ: "ಅದೆಲ್ಲಾಂ ಉನಕ್ಕು ಪುರಿಯಾದು." ನಿನಗೆ ಅದೆಲ್ಲ ಅರ್ಥವಾಗುವುದಿಲ್ಲ ಎಂದು.

ಈಗೀಗ ಮನೆಗೆ ಬಂದವರ ಹತ್ತಿರ ಅಪ್ಪ, ನಮ್ಮ ದೇವಿ ಎಂಥವಳು ಅಂದರೆ ಸರ್ಕಾರವೇ ಕಾವಲು ಕಾಯುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಮಾತು ಶುರುವಾದರೆ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ಊಟಕ್ಕೆ ಕರೆಯುವುದೊಂದು ಬಿಟ್ಟು ಅವಳು ಅಪ್ಪನ ಜೊತೆ ಮಾತಾಡಿದ್ದನ್ನು ನಾನು ಕೇಳಿ ಬಹಳ ಕಾಲವಾಯಿತು.