ಮೊಳೆ ಕಚ್ಚುವ ಬಾಯಿ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ಮೇಲೆ ಸೋಫಾ ಮೇಸ್ತ್ರಿ ಬೇಸಿನ್ನಿಗೆ ಎರಡು ಚೊಂಬು ನೀರು ಸುರಿಯುತ್ತಿದ್ದ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವನಲ್ಲ. ಹೆಂಡತಿ ಬಹಳ ಕಾಲ ಇದನ್ನು ಶುಚಿತ್ವ ಎಂದೇ ನಂಬಿದ್ದಳು. ಉಗುಳಿನೊಳಗಿನ ರಕ್ತ ಯಾರ ಕಣ್ಣಿಗೂ ಬೀಳಬಾರದು, ಅವನ ಉದ್ದೇಶ ಅಷ್ಟೇ. ತಪ್ಪು ಮಾಡದಿರಲಿ ಎಂದು ದೇವರು ಮನುಷ್ಯನಿಗೆ ನಾಚಿಕೆ ಕೊಟ್ಟ. ಇವನು ಅದನ್ನು ರೋಗ ಮುಚ್ಚಿಡಲು ಖರ್ಚು ಮಾಡಿದ.

ಅವನ ಜಂಬವೆಲ್ಲ ಆ ಬಾಯಲ್ಲೇ ಇತ್ತು. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ, ತಲೆ ಹೊರಗಾಗುವಂತೆ ಮುಂದಿನ ಹಲ್ಲುಗಳ ನಡುವೆ ತಂದು ನಿಲ್ಲಿಸುತ್ತಿದ್ದ. ಅಯಸ್ಕಾಂತದ ಸುತ್ತಿಗೆ ಅದನ್ನು ಎಳೆದುಕೊಂಡು ಹೋಗಿ ಬಟ್ಟೆಯನ್ನು ಸೋಫಾದ ಮರಕ್ಕೆ ಜಡಿಯುತ್ತಿತ್ತು. ಪಿನ್ನು ಹೊಡೆಯುವ ಗನ್ನು ಬಂದು ಎಷ್ಟೋ ವರ್ಷವಾಗಿದೆ. "ಅದು ಕೈಲಾಗದವರ ಆಟಿಕೆ" ಎನ್ನುತ್ತಿದ್ದ. ನೋಡಲು ಯಾರಾದರೂ ನಿಂತರೆ ಇನ್ನೂ ಹತ್ತು ಮೊಳೆ ಬಾಯಿಗೆ! ಅದೇ ಬಾಯಿ ಹತ್ತಿರ ಬಂದು ಮಾತಾಡಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನವನು ಮರ್ಯಾದೆ ಎಂದುಕೊಂಡಿದ್ದ.

ಒಂದು ದಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ಹೃದಯದ ವಾಲ್ವು ಕೆಟ್ಟಿದೆ, ಬದಲಾಯಿಸಬೇಕು ಎಂದರು ಡಾಕ್ಟರು. ಬಾಯಿ ತೆರೆಸಿ ನೋಡಿ, ಮೊದಲು ಬಾಯಲ್ಲಿ ಸೋಂಕಿಲ್ಲವೆಂದು ಹಲ್ಲಿನ ಡಾಕ್ಟರ ಚೀಟಿ ತನ್ನಿ ಎಂದರು. ಒಸಡಿನಲ್ಲಿ ಗೂಡು ಕಟ್ಟಿದ ರೋಗಾಣು ರಕ್ತಕ್ಕಿಳಿದು ಹೊಸ ವಾಲ್ವಿನ ಮೇಲೆ ಕೂತರೆ ಪ್ರಾಣಕ್ಕೇ ಸಂಚಕಾರವಂತೆ.

"ಹಲ್ಲಿಗೂ ಎದೆಗೂ ಎಲ್ಲಿಯ ನೆಂಟಸ್ತನ?" ಎಂದು ಮನೆಯಲ್ಲಿ ಗುಡುಗಿದ.

"ನಿಮ್ಮ ಬಾಯಿ ಪಕ್ಕದ ಬೀದಿವರೆಗೂ ಹೋಗುತ್ತೆ, ಎದೆವರೆಗೆ ಹೋಗಲ್ವಾ?" ಎಂದಳು ಹೆಂಡತಿ. "ನಡೀರಿ, ತೋರಿಸ್ಕೊಂಡು ಬನ್ನಿ."

ಅವನಿಗಿದ್ದ ಚಿಂತೆ ಒಂದೇ: ಮುಂದಿನ ಹಲ್ಲು ಕಿತ್ತರೆ ಮೊಳೆ ಕಚ್ಚುವುದು ಹೇಗೆ? ಜೀವವೇ ಹೋದರೆ ಸುತ್ತಿಗೆ ಹಿಡಿಯುವವರಾರು ಎಂಬುದು ಆ ತಲೆಗೆ ಹೊಳೆಯಲಿಲ್ಲ. ಅವನ ಭಾಮೈದ ಹಲ್ಲಿನ ಆಸ್ಪತ್ರೆಯಲ್ಲಿ ಗುಮಾಸ್ತ. ಹೇಗಾದರೂ ಒಂದು ಚೀಟಿ ಕೊಡಿಸು ಎಂದು ಅಲ್ಲಿಗೆ ಹೋಗುವ ಹಿಂದಿನ ದಿನವೇ ಅವನ ಬೆನ್ನು ಬಿದ್ದ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತೆಳ್ಳನೆಯ ಕಡ್ಡಿಯೊಂದನ್ನು ಮುಂದಿನ ಹಲ್ಲಿನ ಬುಡಕ್ಕೆ ಮೆಲ್ಲಗೆ ಒತ್ತಿದಳು. ಅದು ತಡೆಯೇ ಇಲ್ಲದೆ ಒಳಗಿಳಿಯಿತು.

ಮೇಸ್ತ್ರಿ ಕುರ್ಚಿಯ ಹಿಡಿಯನ್ನು ಅದುಮಿ ಹಿಡಿದ. ನೋವಿಗಲ್ಲ. ಹಳೆಯ ಸೋಫಾ ಬಂದಾಗ ಅವನೂ ಹೀಗೇ ದಬ್ಬಳ ಚುಚ್ಚಿ ನೋಡುತ್ತಾನೆ. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ, ಹುಳ ತಿಂದ ಮರ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಹೃದಯದ ಡಾಕ್ಟರು, ಹೆಂಡತಿ ಇಬ್ಬರೂ ಹೇಳಿ ತಿಳಿಯದ್ದು ಆ ಕಡ್ಡಿಯಿಂದ ತಿಳಿಯಿತು.

"ನಾಲ್ಕು ಹಲ್ಲು ತೆಗೀಬೇಕು, ಒಸಡು ಪೂರ್ತಿ ಕ್ಲೀನ್ ಆಗ್ಬೇಕು. ಚೀಟಿ ಆಮೇಲೆ," ಎಂದು ಅವಳು ಎಕ್ಸರೇ ತರಲು ಹೋದಳು.

ಭಾಮೈದ ಒಳಗೆ ನುಸುಳಿದ. ಕೈಯಲ್ಲಿ ಆಗಲೇ ಟೈಪು ಮಾಡಿದ ಚೀಟಿ.

"ಭಾವ, ಬೇರೆ ಕಾಗದಗಳ ಮಧ್ಯ ಸೇರಿಸಿ ಸಹಿ ಹಾಕಿಸ್ಬಿಡ್ತೀನಿ. ಅವರು ಓದಲ್ಲ. ನಿಮ್ಮ ಹಲ್ಲು ನಿಮ್ಮ ಹತ್ರಾನೇ ಇರುತ್ತೆ. ಅಕ್ಕಂಗೆ ಮಾತ್ರ ಹೇಳ್ಬೇಡಿ."

ಆಮೇಲೆ ಮೇಸ್ತ್ರಿ ಮಾಡಿದ್ದನ್ನು ಯಾರೂ ಪ್ರಾಮಾಣಿಕತೆ ಎನ್ನಬಾರದು. ಅದು ಬರೀ ಪುಕ್ಕಲುತನ.

"ಹರಿದು ಹಾಕೋ ಅದನ್ನ," ಎಂದ. "ನಿಮ್ಮಕ್ಕ ವಿಧವೆ ಆಗೋಕೆ ನೀನೇ ಅರ್ಜಿ ಬರೀತೀಯಾ? ಹೋಗು, ಡಾಕ್ಟರಮ್ಮನ್ನ ಬೇಗ ಕರಿ."