ಬಾಣಂತಿ ನೀರು, ಭೂಮಿಯ ಒಲೆ

ಎಪ್ಪತ್ತರ ದಶಕದ ಒಂದು ಚಳಿಗಾಲ. ನನಗೆ ಮೀಸೆಗಿಂತ ಮೊದಲು ಬಾಯಿ ಬಲಿತಿತ್ತು. ಹೊಸದುರ್ಗದ ಹತ್ತಿರದ ನಮ್ಮ ತೆಂಗಿನ ತೋಟದ ಅಂಚಿಗೆ ಭೂಮಿ ಕೊರೆಯುವ ಯಂತ್ರ ಬಂತು. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಬಂಡೆಗಳನ್ನೆಲ್ಲ ಕೊರೆದು ನೋಡುತ್ತ ಬಂದ ತಂಡ ಅದು. ಕೊರೆದ ತೂತಿನೊಳಕ್ಕೆ ಹಗ್ಗ ಕಟ್ಟಿದ ಶಾಖಮಾಪಕ ಇಳಿಸಿ, ಎಳೆದು, ತಂಡದ ಮುಖ್ಯಸ್ಥ ಸಾಹೇಬರ ಕೈಗೆ ಕೊಡುವ ಕೆಲಸ ನನಗೆ ಸಿಕ್ಕಿತು. ಕೂಲಿಗಿಂತ ದೊಡ್ಡ ಲಾಭವೆಂದರೆ ಸಾಹೇಬರೇ. ಮಾತಿಗೆ ಮೊದಲು ಕನ್ನಡಕ ತೆಗೆಯುವರು, ಮಾತು ಮುಗಿದ ಮೇಲೆ ಹಾಕಿಕೊಳ್ಳುವರು. ಹಿರಿಯೂರು ಬಸ್ಸಿನ ಕಂಡಕ್ಟರನ್ನೂ ಸೋದರಮಾವನನ್ನೂ ಅಣಕಿಸಿ ಸವೆಸಿದ್ದ ನನಗೆ ಹೊಸ ಸರಕು ಸಿಕ್ಕಂತಾಯಿತು.

ಒಂದು ದಿನ, ಶಾಖ ಅಳೆಯುವುದು ಏಕೆಂದು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದರು. “ಭೂಮಿಯ ಒಡಲು ಒಲೆಯಿದ್ದಂತೆ. ಇಳಿದಷ್ಟೂ ಕಾವು. ಕೆಲವು ದೇಶಗಳಲ್ಲಿ ಆ ಕಾವಿನಿಂದಲೇ ನೀರು ಕಾಯುತ್ತದೆ, ಮನೆ ಬೆಚ್ಚಗಿರುತ್ತದೆ. ಸೌದೆ ಬೇಡ, ಹೊಗೆ ಇಲ್ಲ. ಆದರೆ ನಿಮ್ಮ ಸೀಮೆಯ ಬಂಡೆ ಬಹಳ ಹಳೆಯದು, ಎಂದೋ ತಣ್ಣಗಾದದ್ದು. ಇಲ್ಲಿ ನೀರು ಕುದಿಯಬೇಕಾದರೆ ನಮ್ಮ ಯಂತ್ರ ಮುಟ್ಟಲಾರದಷ್ಟು ಆಳಕ್ಕೆ ಹೋಗಬೇಕು.”

ಸಂಜೆ ಅಪ್ಪನ ಕನ್ನಡಕ ಏರಿಸಿಕೊಂಡು ಪಡಸಾಲೆಯಲ್ಲಿ ನಾನೇ ಸಾಹೇಬನಾದೆ. ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಸೌದೆ ಬೇಡ, ಹೊಗೆ ಇಲ್ಲ” ಎನ್ನುವಾಗ ನಗು ತಾರಕಕ್ಕೇರಿತು. ಅಲ್ಲಿಗೇ ನಿಲ್ಲಿಸಿ ಕನ್ನಡಕ ಹಾಕಿಕೊಂಡೆ. ‘ಆದರೆ’ಯಿಂದ ಆಚೆಗೆ ನಗುವಂಥದ್ದು ಏನೂ ಇರಲಿಲ್ಲ, ಬಿಟ್ಟೆ.

ಅವ್ವ ಮಾತ್ರ ನಗಲಿಲ್ಲ. “ಸಾಹೇಬ್ರು ಖರೇನೇ ಹಂಗಂದ್ರೇನ್ಲೇ?”

“ಅವ್ರ ಬಾಯಿಂದ ಬಂದಿದ್ದೇ ಕಣವ್ವ.”

ಸುಳ್ಳಂತೂ ಹೇಳಲಿಲ್ಲವಲ್ಲ ಎಂದುಕೊಂಡೆ.

ಮರುದಿನ ಮುಂಜಾನೆ ಅವ್ವ ತೋಟಕ್ಕೆ ಹೋದಳು. ಕೊರೆದಲ್ಲಿಂದ ಉಕ್ಕಿದ ನೀರಿನ ಮೇಲೆ, ಆ ಚಳಿಯಲ್ಲಿ, ಹಬೆ ಆಡುತ್ತಿತ್ತು. ಬೆರಳದ್ದಿದರೆ ಉಗುರುಬೆಚ್ಚಗಿತ್ತು. “ಇನ್ನೂ ಇಳಿಸ್ತಾರಂತಲ್ಲ, ಹೆರಿಗೆ ಹೊತ್ತಿಗೆ ಕುದೀತೈತೆ ಬಿಡು” ಎಂದಳು.

ನಮ್ಮಲ್ಲಿ ಮಗಳು ಬಸುರಿ ಎಂದು ತಿಳಿದ ದಿನದಿಂದ ತೆಂಗಿನ ಮಟ್ಟೆ, ಚಿಪ್ಪುಗಳನ್ನು ಒಣಗಿಸಿ ಹಿತ್ತಿಲಲ್ಲಿ ಒಟ್ಟುತ್ತಾರೆ. ಹಸಿ ಬಾಣಂತಿಗೆ ಹಂಡೆಗಟ್ಟಲೆ ಸುಡುಸುಡು ನೀರು ಹುಯ್ಯಬೇಕಲ್ಲ. ಆ ಒಟ್ಟಿಲನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಅವ್ವ ಆಚೆಮನೆಯ ಮದುವೆಯ ಅಡುಗೆಗೆಂದು ಗಾಡಿಗೆ ತುಂಬಿಸಿ ಕಳಿಸಿದಳು. ಗಾಡಿ ಹೊರಟಾಗ ನಾನು ಬಾಗಿಲಲ್ಲೇ ಇದ್ದೆ. “ನನ್ ಮಗ ಯಂತ್ರದ ಕೆಲ್ಸದಾಗೆ ಅವ್ನೆ, ಅವ್ನಿಗೆಲ್ಲಾ ಗೊತ್ತೈತೆ” ಎಂದು ಅವಳು ಆಚೆಮನೆಯಾಕೆಗೆ ಹೇಳುತ್ತಿದ್ದಳು. ಆ ಮುಖ ನೋಡಿ, ‘ಆದರೆ’ ಎನ್ನಲು ಹೊರಟ ಬಾಯಿ ಮುಚ್ಚಿಕೊಂಡಿತು. ಊರೆಲ್ಲರ ದನಿ ತೆಗೆಯುತ್ತಿದ್ದ ಬಾಯಿ!

ಯಂತ್ರ ಹೋಯಿತು. ತೂತಿಗೆ ಕೈಪಂಪು ಕೂರಿಸಿದರು. ನೀರು ಮೊದಲಿದ್ದಷ್ಟೇ ಬೆಚ್ಚಗೆ, ಅಂಗೈಯಷ್ಟು ಬೆಚ್ಚಗೆ, ಬರುತ್ತಿತ್ತು. ಅಷ್ಟರಲ್ಲಿ ಅಕ್ಕ ಹೆಣ್ಣು ಹಡೆದಳು.

ಮೊದಲ ನೀರಿನ ದಿನ ಹಂಡೆಯ ಕೆಳಗೆ ಹಸಿ ಗರಿ ತುರುಕಿದೆವು. ಹೊಗೆ ಬಂತು, ಉರಿ ಬರಲಿಲ್ಲ. ಕಾದು ಕಾದು, ಹೊತ್ತು ಮೀರಿತೆಂದು ಅವ್ವ ಅರೆಬೆಚ್ಚನೆಯ ನೀರನ್ನೇ ಹುಯ್ದಳು. ಬಚ್ಚಲ ಹೊರಗೆ ನಿಂತಿದ್ದ ನನಗೆ ಅಕ್ಕನ ಹಲ್ಲು ಕಟಕಟಿಸುವುದು ಕೇಳಿಸಿತು. ನನ್ನ ದವಡೆಗೆ ನಾಚಿಕೆಯೆಂಬುದಿಲ್ಲ. ಕೇಳಿದ್ದೇ ತಡ, ತನ್ನಷ್ಟಕ್ಕೆ ತಾನೇ ಅದೇ ಲಯದಲ್ಲಿ ಕಟಕಟಿಸತೊಡಗಿತು. ಕೈಯಿಂದ ಹಿಡಿದು ನಿಲ್ಲಿಸಿದೆ.

ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಜ್ವರ. ಅವ್ವ ನನ್ನನ್ನು ಬೈಯಲಿಲ್ಲ. “ನಾನೇ ತಿಳಿಗೇಡಿ” ಎಂದು ತನ್ನನ್ನೇ ಬೈದುಕೊಂಡಳು. ಅದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು.

“ಅವ್ವಾ, ಸಾಹೇಬ್ರು ಆಮೇಲಿಂದೂ ಹೇಳಿದ್ರು. ನಾನೇ ಬಿಟ್ಟೆ.”

“ಯಾಕ್ಲೇ?”

“ಅದ್ಕೆ ಯಾರೂ ನಗ್ತಿರ್ಲಿಲ್ಲ.”

ಅವ್ವ ಅಕ್ಕನ ಹಣೆಯ ಬಟ್ಟೆ ಬದಲಿಸಿದಳು. ನನ್ನ ಕಡೆ ತಿರುಗಲಿಲ್ಲ.

ನಾನು ಮನೆಮನೆ ತಿರುಗಿ ಒಣ ಮಟ್ಟೆ ಬೇಡಿದೆ. “ಏನಪ್ಪ ಸಾಹೇಬ, ಭೂಮ್ತಾಯಿ ಒಲೆ ಆರೋಯ್ತಾ?” ಎನ್ನುತ್ತಲೇ ಎಲ್ಲರೂ ಕೊಟ್ಟರು. ತಲೆಯ ಮೇಲೆ ಹೊತ್ತು ತಂದು, ಹಂಡೆಗೆ ಪಂಪಿನ ನೀರನ್ನೇ ತುಂಬಿದೆ. ಅದು ಸೇದುವ ಬಾವಿಯ ನೀರಿಗಿಂತ ಬೇಗ ಕಾಯಿತು, ಮಟ್ಟೆಯೂ ಕಡಿಮೆ ಹಿಡಿಯಿತು. ಭೂಮಿ ತನ್ನ ಕೈಲಾದಷ್ಟು ಕಾಯಿಸಿ ಕೊಟ್ಟಿತ್ತು. ಮಿಕ್ಕದ್ದು ನಮ್ಮ ಒಲೆಯ ಪಾಲು.

ಅಕ್ಕನ ಜ್ವರ ಇಳಿಯಿತು. ಬಾಣಂತನ ಮುಗಿಯುವವರೆಗೂ ಹಂಡೆಯ ಒಲೆ ನನ್ನದೇ. ಒಂದು ಬೆಳಿಗ್ಗೆ ಅವಳು ಬಚ್ಚಲ ಒಳಗಿನಿಂದಲೇ ಕೂಗಿದಳು: “ಲೇ ತಮ್ಮ, ಎಲ್ಲಾರ್ನೂ ಅಣಕಿಸ್ತೀಯಲ್ಲ, ಅವತ್ತು ನಾ ನಡುಗಿದ್ದನ್ನ ಮಾಡು ನೋಡಾಣ.”

ನೀರು ಹುಯ್ಯುತ್ತಿದ್ದ ಅವ್ವ ಚೊಂಬು ಹಿಡಿದ ಕೈ ತಡೆದು, ಬಾಗಿಲ ಸಂದಿನಿಂದ ಒಲೆ ಮುಂದಿದ್ದ ನನ್ನ ಕಡೆ ನೋಡಿದಳು. ದವಡೆಗೆ ಅದು ಬಾಯಿಪಾಠವಾಗಿತ್ತು. ನಾನು ಹಲ್ಲು ಕಚ್ಚಿಕೊಂಡು, ಒಲೆಗೆ ಇನ್ನೆರಡು ಚಿಪ್ಪು ತಳ್ಳಿದೆ.

“ನೀರು ಸಾಕಷ್ಟು ಸುಡ್ತೈತೇನಕ್ಕ?” ಎಂದು ಕೇಳಿದೆ, ನನ್ನದೇ ದನಿಯಲ್ಲಿ.