ಸದ್ದನ್ನು ಬಿಡದ ದುಭಾಷಿ

ಅಕ್ಕನ ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಸಂದಿತ್ತು. ಜುಲು ಭಾಷೆ ಆಡುವಾಗ ನಾಲಗೆ ಅಲ್ಲಿಗೆ ತಾಗಿ ಲೊಚಕ್ಕನೆ ಹಿಂದೆ ಬರುತ್ತಿತ್ತು. ನಾವು ಅಯ್ಯೋ ಪಾಪ ಎಂದು ಲೊಚಗುಟ್ಟುತ್ತೇವಲ್ಲ, ಆ ಸದ್ದು ಅವರ ಭಾಷೆಯಲ್ಲಿ ಒಂದು ಅಕ್ಷರ. "ನೀವು ಅದನ್ನ ಬರೀ ಮರುಕಕ್ಕೆ ಖರ್ಚು ಮಾಡ್ತೀರಿ, ದಂಡ," ಎಂದು ನನ್ನನ್ನು ಛೇಡಿಸುತ್ತಿದ್ದರು.

ಹ್ಯಾರಿಸ್ ಪಾರ್ಕ್‌ನ ಬಾಡಿಗೆ ಮನೆ ಖಾಲಿ ಮಾಡಿ, ಗಂಡನ ಕೆಲಸದ ಹಿಂದೆ ನಾನು ಸಿಡ್ನಿಯಿಂದ ಮೆಲ್ಬರ್ನ್‌ಗೆ ಬಂದ ಹೊಸತು. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಏಜೆನ್ಸಿಯೊಂದರ ಮೂಲಕ ಕೋರ್ಟು, ಆಸ್ಪತ್ರೆಗಳಿಗೆ ಕನ್ನಡದ ದುಭಾಷಿಯಾಗಿ ಹೋಗತೊಡಗಿದ್ದೆ. ಅಕ್ಕ ಅದೇ ಏಜೆನ್ಸಿಯ ಜುಲು ದುಭಾಷಿ. ದಕ್ಷಿಣ ಆಫ್ರಿಕಾದವರು, ನನಗಿಂತ ಬಹಳ ದೊಡ್ಡವರು. ಜುಲುವಿನಲ್ಲಿ ಅಕ್ಕನಿಗೆ ಸಿಸಿ ಎನ್ನುತ್ತಾರೆ. ನನ್ನ ಬಾಯಿಗೆ ಅಕ್ಕ ಎಂದೇ ಬಂತು, ಅವರೂ ಓಗೊಟ್ಟರು.

ಕಾರಿಡಾರಿನಲ್ಲಿ ಸರದಿ ಕಾಯುತ್ತಾ ಇಂಗ್ಲಿಷಿನಲ್ಲೇ ಹರಟುತ್ತಿದ್ದೆವು. ಆದರೆ ಹರಟೆ ಹೊರಳುತ್ತಿದ್ದದ್ದು ಇಂಗ್ಲಿಷಿನಲ್ಲಿ ಇಲ್ಲದ ಮಾತುಗಳ ಕಡೆಗೆ. ಮೌನಕ್ಕೆ ಅವರದು 'ಚ್ವಾಕ'. ನಮ್ಮಲ್ಲಿ ಕಮಕ್ ಕಿಮಕ್ ಅನ್ನದೆ ಕೂರುತ್ತಾರೆ ಎಂದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ನಮ್ಮ ಎದೆ ಧಸಕ್ ಅನ್ನುತ್ತದೆ, ಬಾಗಿಲು ಕಿರ್ ಅನ್ನುತ್ತದೆ. ಜುಲುವಿನಲ್ಲೂ ಎಲ್ಲವೂ ಹೀಗೆ ಏನೋ ಒಂದು 'ಅನ್ನುತ್ತವಂತೆ'. ಅದು ತಿಳಿದ ದಿನ ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು.

ಒಮ್ಮೆ ಅವರು ದುಭಾಷಿಯಾಗಿದ್ದ ವಿಚಾರಣೆಯೊಂದರಲ್ಲಿ ಕಲಿಯಲೆಂದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾಂಸದ ಕಾರ್ಖಾನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಕೆಲಸಗಾರನೊಬ್ಬ ಪರಿಹಾರ ಕೇಳಿದ್ದ. ನೆಲ ಒಣಗಿಯೇ ಇತ್ತು, ಅವಸರದಲ್ಲಿ ಅವನೇ ಎಡವಿದ ಎಂಬುದು ಕಂಪನಿಯ ವಾದ. ಅವನು ತನ್ನ ಕಾಲು 'ಶೆಲೆಲೆ' ಎಂದಿತು ಎಂದ. ಅಕ್ಕ ಆ ಮಾತನ್ನು ಹಾಗೆಯೇ ಹೇಳಿ, ಇದು ಜಾರುವುದಕ್ಕೆ ಹೇಳುವ ಮಾತು, ಎಡವುವುದಕ್ಕಲ್ಲ ಎಂದು ವಿವರಿಸಿದರು.

"ಮೇಡಂ, ಸದ್ದುಗಳನ್ನ ಬಿಟ್ಟು ಅವರು ಹೇಳಿದ್ದನ್ನಷ್ಟೇ ಹೇಳಿ," ಎಂದರು ವಿಚಾರಣೆಯ ಅಧಿಕಾರಿ.

"ಅವರು ಹೇಳಿದ್ದೇ ಅದು. ಏನನ್ನೂ ಬಿಡಲ್ಲ ಅಂತ ನನ್ನ ಕೈಲಿ ಪ್ರಮಾಣ ಮಾಡಿಸಿದ್ದೀರಿ. ಈಗ ಬಿಡಬೇಕು ಅಂದ್ರೆ, ಬಿಡಿಸಿದ್ದು ನೀವು ಅಂತ ದಾಖಲೆ ಮಾಡ್ಕೊಳ್ಳಿ."

ಬರೆದುಕೊಳ್ಳುವಂತೆ ಅಧಿಕಾರಿ ಗುಮಾಸ್ತರಿಗೆ ಸನ್ನೆ ಮಾಡಿದರು. 'ಶೆಲೆಲೆ' ದಾಖಲೆಗೆ ಸೇರಿತು. ಕೆಲಸಗಾರನಿಗೆ ಪರಿಹಾರವೂ ಸಿಕ್ಕಿತು. ಆದರೆ ದುಭಾಷಿ ಕೋರ್ಟಿನಲ್ಲಿ ನಾಟಕ ಆಡಿದರೆಂದು ಕಂಪನಿಯ ವಕೀಲ ದೂರು ಕೊಟ್ಟ. ಕ್ಷಮೆ ಕೇಳಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆದುಕೊಡಿ ಎಂದಿತು ಏಜೆನ್ಸಿ. ಅಕ್ಕ ಬರೆದುಕೊಡಲಿಲ್ಲ. ಏಜೆನ್ಸಿಯವರು ಅವರಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಅಕ್ಕ ಶಾಲೆಯೊಂದರ ಕ್ಯಾಂಟೀನಿಗೆ ಸೇರಿಕೊಂಡರು.

ನನಗೆ ಸಿಟ್ಟು ಬಂದದ್ದು ಏಜೆನ್ಸಿಯ ಮೇಲಲ್ಲ, ಅಕ್ಕನ ಮೇಲೆ. "ಒಂದು ಸಾರಿ 'ಸಾರಿ' ಅಂದುಬಿಡಿ ಅಕ್ಕಾ. ರೆಂಟ್ ಯಾರು ಕಟ್ತಾರೆ?"

"ಸ್ಯಾಂಡ್‌ವಿಚ್ ಮಾಡಿ ನಾನೇ ಕಟ್ತೀನಿ. ಒಬ್ಬ ಮನುಷ್ಯ ಹೇಗೆ ಬಿದ್ದ ಅಂತ ಗೊತ್ತಿದ್ದೂ ಮುಚ್ಚಿಡೋಕೆ ನನ್ನ ನಾಲಗೆ ಬಾಡಿಗೆಗಿಲ್ಲ."

ಕೆಲವು ವರ್ಷಗಳ ಮೇಲೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಆಸ್ಪತ್ರೆಯಲ್ಲಿ ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ನೋವು ಹೇಗಿದೆ ಎಂದು ಕೇಳಿದ ಹುಡುಗಪ್ರಾಯದ ಡಾಕ್ಟರಿಗೆ, ಅವನಿಗಿಂತ ಚಂದದ ಇಂಗ್ಲಿಷಿನಲ್ಲಿ ಅಕ್ಕ ಹೇಳಿದರು: "ನನಗೆ ಜುಲು ಇಂಟರ್‌ಪ್ರಿಟರ್ ಬೇಕು. ಅದು ನನ್ನ ಹಕ್ಕು."

ಅವನು ಹೊರಗೆ ಹೋಗಿ ಫೋನ್ ಮಾಡಿ ಬಂದ. "ಜುಲುಗೆ ಯಾರೂ ಇಲ್ವಂತೆ. ಇದ್ದ ಒಬ್ಬರನ್ನ ತೆಗೆದುಹಾಕಿದ್ದಾರಂತೆ."

ಅಕ್ಕ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಹಾಗಾದ್ರೆ ಇವಳು ಹೇಳ್ತಾಳೆ."

"ನನಗೆ ಜುಲು ಬರಲ್ಲ ಅಕ್ಕಾ."

"ನೋವು ಏನನ್ನುತ್ತೆ ಅಂತ ಹೇಳೋಕೆ ಬರುತ್ತಲ್ಲ."

ನನ್ನ ಅಂಗೈ ಬಿಡಿಸಿ, ಬೆರಳ ತುದಿಗಳಿಂದ ಮೆಲ್ಲಗೆ ಒಂದೇ ಸಮನೆ ತಟ್ಟಿದರು. ತಟ್ಟುತ್ತಾ ತಟ್ಟುತ್ತಾ ಥಟ್ಟನೆ ಉಗುರು ಊರಿದರು. ಕನ್ನಡದ ಸದ್ದುಗಳನ್ನು ಹಾಗೇ ಉಳಿಸಿ ನಾನು ಡಾಕ್ಟರಿಗೆ ಹೇಳಿದೆ: "ಮೊದಲು ಚುಳುಚುಳು ಅನ್ನುತ್ತೆ. ಆಮೇಲೆ ಚಳಕ್ ಅನ್ನುತ್ತೆ."

"ನೋವು ಜಾಸ್ತಿ ಇದೆ ಅಂತ ಬರ್ಕೊಳ್ಳಲಾ?"

"ಬೇಡ. ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ. ಒಂದನ್ನೂ ಬಿಡಬೇಡಿ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತ. ಇನ್ನೊಮ್ಮೆ ಹೇಳಿಸಿ, ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದುಕೊಂಡ. ಅಕ್ಕ ಕಣ್ಣು ಮುಚ್ಚಿ ಹೂಂ ಎಂದರು.

ಆ ತಿಂಗಳೇ ಅವರು ತೀರಿಕೊಂಡರು. ನಾನು ಇನ್ನೂ ಅದೇ ಏಜೆನ್ಸಿಯಲ್ಲಿದ್ದೇನೆ. ಮೊನ್ನೆ ನನ್ನ ಮೇಲೂ ಒಂದು ದೂರು ಹೋಗಿದೆಯಂತೆ. ಹೋಗಲಿ.